ಸಾನಿಯಾ ಸಿಂಗಲ್ಸ್ ಬಿಟ್ಟಿದ್ದು ಸೋತು ಓಡಿದ್ದಾ? ಮೈಸೂರಿನ ಒಬ್ಬ ತಾಯಿಗೆ ಸ್ವಲ್ಪ ಉದ್ದದ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ 13 ವರ್ಷ, ಮೈಸೂರಲ್ಲಿ ಟೆನ್ನಿಸ್ ಆಡ್ತಾಳೆ. ಡಬಲ್ಸ್ ಅಂದ್ರೆ ಪ್ರಾಣ, ಚೆನ್ನಾಗೂ ಆಡ್ತಾಳೆ, ಸಿಂಗಲ್ಸ್ ನಲ್ಲಿ ಮಾತ್ರ ಒಂದೆರಡು ರೌಂಡಲ್ಲೇ ಔಟ್. ಸಾನಿಯಾ ಮಿರ್ಜಾ ಥರ ಡಬಲ್ಸ್ ಕಡೆನೇ ಗಮನ ಕೊಡ್ಲಿ ಅಂತ ನಾನು. ಸಾನಿಯಾ ಸಿಂಗಲ್ಸ್ ನಲ್ಲಿ ಫೇಲ್ ಆಗಿ ಡಬಲ್ಸ್ ಗೆ ಹೋದವರು, ಅದೇನ್ ಮಹಾ ಅಂತ ನಮ್ಮ ಯಜಮಾನರು. ಯಾರು ಸರಿ?

ಉತ್ತರ: ನಿಮ್ಮ ಯಜಮಾನರ ಮಾತನ್ನ ನಾನು ಕೋರ್ಟ್ ಪಕ್ಕ ಬೆಂಚ್ ಮೇಲೆ ಕೂತಿರೋ ಎಷ್ಟೋ ಅಪ್ಪಂದಿರ ಬಾಯಲ್ಲಿ ಕೇಳಿದೀನಿ, ಆದ್ರಿಂದ ಮೊದಲು ಅದನ್ನೇ ತಗೋತೀನಿ. ನಿಮ್ಮ ಸರದಿ ಆಮೇಲೆ, ಯಾಕಂದ್ರೆ ನೀವು ಹೇಳ್ತಿರೋದೂ ಪೂರ್ತಿ ಸರಿ ಇಲ್ಲ.

2007ರ ಆಗಸ್ಟ್ ನಲ್ಲಿ ಸಾನಿಯಾ ಸಿಂಗಲ್ಸ್ ರ‍್ಯಾಂಕಿಂಗ್ 27. ಇಡೀ ಪ್ರಪಂಚದಲ್ಲಿ. ಆ ಕಾಲದಲ್ಲಿ ಯಾರ್ಯಾರು ಆಡ್ತಿದ್ರು ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ, ಹೆನಿನ್, ಸೆರೆನಾ, ವೀನಸ್, ಶರಪೋವಾ, ಕುಜ್ನೆತ್ಸೋವಾ, ಇವಾನೋವಿಚ್, ಯಾಂಕೋವಿಚ್, ಮೌರೆಸ್ಮೊ, ಇಷ್ಟೂ ಜನ ಒಂದೇ ಡ್ರಾನಲ್ಲಿ, ಅಂದ್ರೆ ಟೂರ್ನಮೆಂಟ್ ಆಡೋರ ಪಟ್ಟಿಯಲ್ಲಿ, ಇರೋರು. ಇವತ್ತಿನವರೆಗೆ ಸಿಂಗಲ್ಸ್ ಟಾಪ್ 100 ಒಳಗೆ ಕಾಲಿಟ್ಟ ಭಾರತದ ಹೆಣ್ಣುಮಗಳು ಸಾನಿಯಾ ಬಿಟ್ರೆ ಇನ್ನೊಬ್ಬಳಿಲ್ಲ. ನಿರುಪಮಾ ವೈದ್ಯನಾಥನ್ 1998ರ ಆಸ್ಟ್ರೇಲಿಯನ್ ಓಪನ್ ನಲ್ಲಿ ಮೇನ್ ಡ್ರಾದ ಒಂದು ಮ್ಯಾಚ್ ಗೆದ್ದಿದ್ದನ್ನೇ ನಾವು ಹಬ್ಬ ಮಾಡಿದ್ವಿ, ಅಂಕಿತಾ ರೈನಾ ಅಷ್ಟು ವರ್ಷ ಬೆವರು ಸುರಿಸಿ ಮುಟ್ಟಿದ್ದು 160. ಇದು ಗೊತ್ತಿದ್ದೂ 27ನ್ನ ಫೇಲ್ ಅಂತ ಕರೆಯೋರು ಪಾಸ್ ಮಾರ್ಕ್ಸ್ ಎಷ್ಟಿಟ್ಟಿದಾರೋ ನನಗಂತೂ ಗೊತ್ತಾಗಲ್ಲ.

2005 ಅನ್ನೋ ವರ್ಷ ಇದೆಯಲ್ಲ, ಅದನ್ನ ಸ್ವಲ್ಪ ನಿಧಾನವಾಗಿ ಹೇಳ್ಬೇಕು. ಜನವರಿಯಲ್ಲಿ ವೈಲ್ಡ್ ಕಾರ್ಡ್ (ಆಯೋಜಕರು ವಿಶೇಷವಾಗಿ ಕೊಡೋ ಪ್ರವೇಶ) ಮೇಲೆ ಮೆಲ್ಬರ್ನ್ ನ ಆಸ್ಟ್ರೇಲಿಯನ್ ಓಪನ್ ಗೆ ಹೋದ 18 ವರ್ಷದ ಹುಡುಗಿ ಎರಡು ಮ್ಯಾಚ್ ಗೆದ್ದು ಮೂರನೇ ರೌಂಡಲ್ಲಿ ಸೆರೆನಾ ಎದುರು ನಿಂತ್ರು, 1-6, 4-6ರಲ್ಲಿ ಸೋತ್ರು. ಸೋತಿದ್ದು ಯಾರಿಗೂ ಆಶ್ಚರ್ಯ ಆಗ್ಲಿಲ್ಲ, ಆದ್ರೆ ಎರಡನೇ ಸೆಟ್ ನಲ್ಲಿ ಆ ಫೋರ್‌ಹ್ಯಾಂಡ್ ಹೋಗ್ತಿದ್ದ ಸ್ಪೀಡ್ ನೋಡಿ ಟೆನ್ನಿಸ್ ಗೊತ್ತಿದ್ದೋರು ಸೆಟೆದು ಕೂತ್ರು. ಫೆಬ್ರವರಿಯಲ್ಲಿ ತಮ್ಮೂರು ಹೈದರಾಬಾದ್ ನಲ್ಲೇ ಅಲ್ಯೋನಾ ಬೊಂಡರೆಂಕೊನ ಮೂರು ಸೆಟ್ ನಲ್ಲಿ ಸೋಲಿಸಿ ಡಬ್ಲ್ಯುಟಿಎ (ಹೆಂಗಸರ ಪ್ರೊಫೆಷನಲ್ ಟೆನ್ನಿಸ್ ಟೂರ್) ಸಿಂಗಲ್ಸ್ ಟೈಟಲ್ ತಗೊಂಡ್ರು, ಭಾರತದ ಹೆಣ್ಣುಮಗಳೊಬ್ಬಳಿಗೆ ಅದೇ ಮೊದಲು. ಅದಾದ ಸ್ವಲ್ಪ ದಿನಕ್ಕೇ ದುಬೈನಲ್ಲಿ ಆಗಿನ ಯುಎಸ್ ಓಪನ್ ಚಾಂಪಿಯನ್ ಕುಜ್ನೆತ್ಸೋವಾನ 6-4, 6-2ರಲ್ಲಿ ಸೋಲಿಸಿದ್ರು. ಸೆಪ್ಟೆಂಬರ್ ನಲ್ಲಿ ಯುಎಸ್ ಓಪನ್ ನಾಲ್ಕನೇ ರೌಂಡ್, ದಾರಿಯಲ್ಲಿ ಮುಂದೆ ವಿಂಬಲ್ಡನ್ ಗೆಲ್ಲಲಿದ್ದ ಬಾರ್ಟೋಲಿನೂ ಔಟ್, ಕೊನೆಗೆ ಶರಪೋವಾ ಕೈಲಿ 2-6, 1-6. ವರ್ಷದ ಕೊನೆಗೆ ಡಬ್ಲ್ಯುಟಿಎ ವರ್ಷದ ಹೊಸ ಆಟಗಾರ್ತಿ ಅಂತ ಪ್ರಶಸ್ತಿನೂ ಬಂತು. ಮುಂದಿನ ವರ್ಷಗಳಲ್ಲಿ ಹಿಂಗಿಸ್, ಸಫೀನಾ, ಅಜರೆಂಕಾ, ಜ್ವೊನರೇವಾ, ಇವರನ್ನೆಲ್ಲ ಒಂದೊಂದು ಸಲನಾದ್ರೂ ಸಿಂಗಲ್ಸ್ ನಲ್ಲಿ ಸೋಲಿಸಿದಾರೆ. ಇದನ್ನೆಲ್ಲ ನಿಮ್ಮ ಯಜಮಾನರಿಗೆ ಊಟದ ಹೊತ್ತಲ್ಲಿ ಓದಿ ಹೇಳಿ.

ಹಾಗಾದ್ರೆ ಯಾಕೆ ಬಿಟ್ರು? ಇಲ್ಲಿ ಎರಡು ವಿಷಯ ಒಟ್ಟಿಗೆ ಬರುತ್ತೆ, ಒಂದು ದೇಹ ಇನ್ನೊಂದು ಸರ್ವ್.

ಆ ಫೋರ್‌ಹ್ಯಾಂಡ್ ನ ನೀವು ವಿಡಿಯೋದಲ್ಲಿ ನಿಧಾನ ಮಾಡಿ ನೋಡಿ, ಕೊನೇ ಕ್ಷಣದಲ್ಲಿ ಮಣಿಕಟ್ಟು ಚಾಟಿ ಬೀಸಿದ ಹಾಗೆ ತಿರುಗುತ್ತೆ, ಚೆಂಡು ಫ್ಲಾಟ್ ಆಗಿ ನೆಟ್ ಮೇಲೆ ಸವರಿಕೊಂಡು ಹೋಗುತ್ತೆ, ಎದುರಾಳಿಗೆ ಕ್ರಾಸ್ ಕೋರ್ಟಾ (ಓರೆಯಾಗಿ) ಡೌನ್ ದ ಲೈನಾ (ಗೆರೆ ಪಕ್ಕ ನೇರವಾಗಿ) ಅಂತ ಓದೋಕೇ ಆಗಲ್ಲ. ಅಂಥ ಹೊಡೆತಕ್ಕೆ ಬೆಲೆ ತೆರೋದು ಮಣಿಕಟ್ಟೇ. 2008ರಲ್ಲಿ ಅದು ಕೈ ಕೊಡ್ತು, ಬೀಜಿಂಗ್ ಒಲಿಂಪಿಕ್ಸ್ ನಲ್ಲಿ ಮೊದಲ ರೌಂಡ್ ಮ್ಯಾಚ್ ನ ಅರ್ಧಕ್ಕೆ ಬಿಟ್ಟು ಬರಬೇಕಾಯ್ತು. ಒಟ್ಟು ಮೂರು ಆಪರೇಶನ್, ಎರಡೂ ಮೊಣಕಾಲು, ಒಂದು ಮಣಿಕಟ್ಟು. ತಲೆ ಬಾಚ್ಕೊಳ್ಳೋಕೂ ಕಷ್ಟ ಆಗೋ ಕೈಯಲ್ಲಿ ವರ್ಷಕ್ಕೆ 20-25 ಟೂರ್ನಮೆಂಟ್ ಸಿಂಗಲ್ಸ್ ಡಬಲ್ಸ್ ಎರಡೂ ಆಡೋದು ಅಂದ್ರೆ ಯಾವ ಫಿಸಿಯೋನೂ ಒಪ್ಪಲ್ಲ. 2012ರ ನಂತರ ಸಿಂಗಲ್ಸ್ ಆಡ್ಲಿಲ್ಲ, 2013ರಲ್ಲಿ ಬಿಟ್ಟಿದೀನಿ ಅಂತ ಹೇಳೇಬಿಟ್ರು.

ಸರ್ವ್ ವಿಷಯ ಸ್ವಲ್ಪ ಕಹಿ, ಅಭಿಮಾನಿಗಳು ಬೈಕೊಂಡ್ರೂ ಪರವಾಗಿಲ್ಲ ಹೇಳ್ತೀನಿ. ಸಾನಿಯಾ ಸೆಕೆಂಡ್ ಸರ್ವ್, ಅಂದ್ರೆ ಮೊದಲನೇದು ತಪ್ಪಿದಾಗ ಮಾಡೋ ಎರಡನೇ ಸರ್ವ್, ಟಾಪ್ 20 ಮಟ್ಟದ್ದಾಗಿರ್ಲಿಲ್ಲ. ಸೆರೆನಾ, ಶರಪೋವಾ ಥರದವರು ಬೇಸ್‌ಲೈನ್ ಒಳಗೆ ಎರಡು ಹೆಜ್ಜೆ ಬಂದು ನಿಂತು ಅದನ್ನ ಬಡಿಯೋರು. ಓಟನೂ ಅಷ್ಟಕ್ಕಷ್ಟೇ, ಮೊಣಕಾಲು ಆಪರೇಶನ್ ಆದ್ಮೇಲಂತೂ ಕೇಳಲೇಬೇಡಿ. ಅಂದ್ರೆ 27ನೇ ರ‍್ಯಾಂಕ್ ಗೆ ಹೋಗಿದ್ದು ಹೆಚ್ಚುಕಮ್ಮಿ ಒಂದು ಫೋರ್‌ಹ್ಯಾಂಡ್, ಒಂದು ಒಳ್ಳೇ ರಿಟರ್ನ್, ಮತ್ತೆ ಹೆದರಿಕೆ ಅನ್ನೋದೇ ಇಲ್ಲದ ಬುದ್ಧಿ, ಇಷ್ಟನ್ನ ಇಟ್ಕೊಂಡು.

ಈಗ ಡಬಲ್ಸ್ ಕೋರ್ಟ್ ನ ಅಳತೆ ನೋಡಿ. ಸಿಂಗಲ್ಸ್ ಕೋರ್ಟ್ 27 ಅಡಿ ಅಗಲ, ಒಬ್ಬರೇ ಕಾಯ್ಬೇಕು. ಡಬಲ್ಸ್ 36 ಅಡಿ, ಇಬ್ಬರು ಹಂಚ್ಕೊಂಡ್ರೆ ತಲಾ 18. ಸಿಂಗಲ್ಸ್ ನಲ್ಲಿ ಪ್ರತಿ ಎರಡನೇ ಗೇಮ್ ನಿಮ್ಮದೇ ಸರ್ವ್, ಡಬಲ್ಸ್ ನಲ್ಲಿ ನಾಲ್ಕಕ್ಕೆ ಒಂದು, ಅದೂ ಪಾರ್ಟ್‌ನರ್ ನೆಟ್ ಹತ್ರ ನಿಂತಿರ್ತಾರೆ, ಸರ್ವ್ ಸ್ವಲ್ಪ ಮೆತ್ತಗಿದ್ರೂ ಜಾಗ ನೋಡಿ ಹಾಕಿದ್ರೆ ಅವರು ಕತ್ತರಿಸಿ ಹಾಕ್ತಾರೆ. ಓಡೋದು ಕಮ್ಮಿ, ಸರ್ವ್ ಮಾಡೋದು ಕಮ್ಮಿ, ರಿಟರ್ನ್ ಮತ್ತೆ ಮೊದಲ ಎರಡು ಮೂರು ಹೊಡೆತದಲ್ಲೇ ಪಾಯಿಂಟ್ ಮುಗಿಯೋ ಆಟ. ಸಾನಿಯಾ ಆಟದಲ್ಲಿ ಏನು ಸೊರಗಿತ್ತೋ ಅದು ಮರೆಗೆ ಹೋಗುತ್ತೆ, ಏನು ಬಲವಾಗಿತ್ತೋ ಅದು ಎದುರಿಗೆ ಬರುತ್ತೆ. ಇದನ್ನ ಸೋತು ಓಡಿದ್ದು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ, ತನ್ನ ಆಟನ ಇಷ್ಟು ನಿಷ್ಠುರವಾಗಿ ಲೆಕ್ಕ ಹಾಕಿ ನೋಡ್ಕೊಂಡ ಆಟಗಾರರು ನಮ್ಮಲ್ಲಿ ಕಮ್ಮಿ.

ಅದೂ ಅಲ್ದೆ ಡಬಲ್ಸ್ ಅವರಿಗೆ ಹೊಸದೇನಾಗಿರ್ಲಿಲ್ಲ. 2003ರಲ್ಲಿ ವಿಂಬಲ್ಡನ್ ಜೂನಿಯರ್ ಟೈಟಲ್ ಬಂದಿದ್ದೇ ಡಬಲ್ಸ್ ನಲ್ಲಿ, ಅಲಿಸಾ ಕ್ಲೇಬನೋವಾ ಜೊತೆ. 2004ರಲ್ಲಿ ಹೈದರಾಬಾದ್ ನಲ್ಲಿ ಮೊದಲ ಡಬ್ಲ್ಯುಟಿಎ ಕಪ್, ಅದೂ ಡಬಲ್ಸೇ, ಲೀಜಲ್ ಹ್ಯೂಬರ್ ಜೊತೆ, ಸಿಂಗಲ್ಸ್ ಟೈಟಲ್ ಗಿಂತ ಒಂದು ವರ್ಷ ಮುಂಚೆ. 2006ರಲ್ಲಿ ಬೆಂಗಳೂರು ಓಪನ್ ಡಬಲ್ಸ್ ಗೆದ್ದಿದ್ದೂ ಇದೇ ಹ್ಯೂಬರ್ ಜೊತೆ. ಮೊದಲ ಗ್ರ್ಯಾಂಡ್ ಸ್ಲ್ಯಾಮ್ (ಟೆನ್ನಿಸ್ ನ ನಾಲ್ಕು ದೊಡ್ಡ ಟೂರ್ನಮೆಂಟ್ ಗಳಲ್ಲಿ ಒಂದು) 2009ರ ಆಸ್ಟ್ರೇಲಿಯನ್ ಓಪನ್ ಮಿಕ್ಸೆಡ್, ಅಂದ್ರೆ ಗಂಡು-ಹೆಣ್ಣು ಜೋಡಿಯಾಗಿ ಆಡೋ ಡಬಲ್ಸ್, ಮಹೇಶ್ ಭೂಪತಿ ಜೊತೆ. ಆ ಮಹೇಶ್ ಅವರ ತಂದೆ ಕೃಷ್ಣ ಭೂಪತಿನೇ ಸಾನಿಯಾ ಚಿಕ್ಕವರಿದ್ದಾಗ ಆಟ ತಿದ್ದಿದವರು, ಬೆಂಗಳೂರಿನ ಟೆನ್ನಿಸ್ ಮಂದಿಗೆ ಅವರ ಪರಿಚಯ ಹೇಳೋ ಅಗತ್ಯ ಇಲ್ಲ. ಸಾನಿಯಾ-ಮಹೇಶ್ ಜೋಡಿನೇ 2012ರಲ್ಲಿ ಫ್ರೆಂಚ್ ಓಪನ್ ಮಿಕ್ಸೆಡ್ ಗೆದ್ರು, 2014ರಲ್ಲಿ ಯುಎಸ್ ಓಪನ್ ಮಿಕ್ಸೆಡ್ ಬ್ರೂನೋ ಸೋರೆಸ್ ಜೊತೆ, ಅದೇ ವರ್ಷದ ಕೊನೆಗೆ ಸಿಂಗಪುರದ ಡಬ್ಲ್ಯುಟಿಎ ಫೈನಲ್ಸ್ ಕಾರಾ ಬ್ಲ್ಯಾಕ್ ಜೊತೆ, ಫೈನಲ್ ಸ್ಕೋರ್ 6-1, 6-0.

ಆಮೇಲೆ ಸ್ವಿಟ್ಜರ್ಲೆಂಡ್ ನ ಮಾರ್ಟಿನಾ ಹಿಂಗಿಸ್, ಒಂದು ಕಾಲದ ಸಿಂಗಲ್ಸ್ ನಂಬರ್ 1. 2015ರ ಮಾರ್ಚ್ ನಲ್ಲಿ ಇಂಡಿಯನ್ ವೆಲ್ಸ್ ನಲ್ಲಿ ಮೊದಲ ಸಲ ಜೊತೆಗೆ ಕೋರ್ಟ್ ಗೆ ಇಳಿದ್ರು, ಗೆದ್ರು. ಮಯಾಮಿ ಗೆದ್ರು. ಚಾರ್ಲ್‌ಸ್ಟನ್ ಗೆದ್ರು. ಮೂರು ಟೂರ್ನಮೆಂಟ್ ಮೂರು ಟೈಟಲ್, ಏಪ್ರಿಲ್ 13ಕ್ಕೆ ಸಾನಿಯಾ ಡಬಲ್ಸ್ ನಲ್ಲಿ ವಿಶ್ವದ ನಂಬರ್ 1. ಜೋಡಿ ಇಷ್ಟು ಬೇಗ ಕೂಡಿಬಂದಿದ್ದಕ್ಕೆ ಕಾರಣ ಸರಳ, ಬಲಗಡೆ ಸಾನಿಯಾ ಫೋರ್‌ಹ್ಯಾಂಡ್, ಎಡಗಡೆ ಹಿಂಗಿಸ್ ಬ್ಯಾಕ್‌ಹ್ಯಾಂಡ್. ಒಬ್ಬರು ಹಿಂದಿನಿಂದ ಗುಂಡು ಹೊಡೀತಾರೆ, ಎದುರಾಳಿ ಒದ್ದಾಡಿ ಹೇಗೋ ಚೆಂಡು ಎತ್ತಿ ಕೊಡ್ತಾರೆ, ಹಿಂಗಿಸ್ ಅದು ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತಿದ್ದವರ ಹಾಗೆ ನೆಟ್ ಹತ್ರ ನಿಂತಿರ್ತಾರೆ. ಹಿಂಗಿಸ್ ಹತ್ರ ಪವರ್ ಇರ್ಲಿಲ್ಲ, ಸಾನಿಯಾ ಹತ್ರ ಆ ಮಟ್ಟದ ವಾಲಿ (ಚೆಂಡು ನೆಲಕ್ಕೆ ಬೀಳೋ ಮುಂಚೆನೇ ಹೊಡೆಯೋದು) ಇರ್ಲಿಲ್ಲ, ಒಬ್ಬರ ಕೊರತೆನ ಇನ್ನೊಬ್ಬರು ತುಂಬಿದ್ರು.

ವಿಂಬಲ್ಡನ್ ಫೈನಲ್ 2015 ನೀವು ನೋಡಿಲ್ಲ ಅಂದ್ರೆ ಮಗಳ ಜೊತೆ ಕೂತು ನೋಡ್ಲೇಬೇಕು. ಎದುರಿಗೆ ಮಕರೋವಾ ಮತ್ತೆ ವೆಸ್ನಿನಾ. ಈ ವೆಸ್ನಿನಾ ಜೊತೆನೇ ಸಾನಿಯಾ 2011ರ ಫ್ರೆಂಚ್ ಓಪನ್ ಫೈನಲ್ ಆಡಿ ಸೋತಿದ್ರು, ಟೂರ್ ನಲ್ಲಿ ಹೀಗೇ, ನಿನ್ನೆ ಜೊತೆಗಾರ್ತಿ ಇವತ್ತು ಎದುರಾಳಿ. ಮೊದಲ ಸೆಟ್ 5-7 ಹೋಯ್ತು, ಎರಡನೇದು ಟೈಬ್ರೇಕ್ ನಲ್ಲಿ ಬಂತು, ಮೂರನೇದ್ರಲ್ಲಿ 2-5. ಅಲ್ಲಿಗೆ ಮುಗೀತು ಅಂತ ನಾನು ಟಿವಿ ಸೌಂಡ್ ಕಮ್ಮಿ ಮಾಡಿದ್ದೆ. ಅಲ್ಲಿಂದ 5-5ಕ್ಕೆ ಬಂದ್ರು, ಬೆಳಕು ಸಾಲದೆ ಮೇಲ್ಛಾವಣಿ ಮುಚ್ಚಿ ಲೈಟ್ ಹಾಕಿದ್ರು, ಆಟ ಶುರುವಾದ್ಮೇಲೆ ಎರಡು ಗೇಮ್ ಎಳೆದು 7-5. ಹಿಂದಿನ ಹತ್ತು ವರ್ಷ ಸಾನಿಯಾ ಬಗ್ಗೆ ಒತ್ತಡ ತಡ್ಕೊಳ್ಳಲ್ಲ ಅಂತ ಬರೆದವರೆಲ್ಲ ಆ ರಾತ್ರಿ ಏನು ಬರೆದ್ರೋ.

ಅದಾದ್ಮೇಲೆ ಯುಎಸ್ ಓಪನ್, ಗುವಾಂಗ್‌ಜೌ, ವುಹಾನ್, ಬೀಜಿಂಗ್, ಸಿಂಗಪುರ, ಬ್ರಿಸ್ಬೇನ್, ಸಿಡ್ನಿ, ಆಸ್ಟ್ರೇಲಿಯನ್ ಓಪನ್, ಸೇಂಟ್ ಪೀಟರ್ಸ್‌ಬರ್ಗ್, ಸಾಲಾಗಿ ಒಂಬತ್ತು ಟೈಟಲ್, 41 ಮ್ಯಾಚ್ ಸೋಲೇ ಇಲ್ಲ. 2016ರ ಫೆಬ್ರವರಿಯಲ್ಲಿ ದೋಹಾದಲ್ಲಿ ಆ ಸರಣಿ ಮುರೀತು, ಆಗಸ್ಟ್ ನಲ್ಲಿ ಜೋಡಿನೂ ಮುರೀತು. ಮುರಿದ ಮೇಲಿನ ಮೊದಲ ಟೂರ್ನಮೆಂಟ್ ಸಿನ್ಸಿನಾಟಿ, ಸಾನಿಯಾ ಸ್ಟ್ರೈಕೋವಾ ಜೊತೆ ಆಡಿ ಫೈನಲ್ ನಲ್ಲಿ ಹಿಂಗಿಸ್ ಜೋಡಿನೇ ಸೋಲಿಸಿ, ಅಲ್ಲಿವರೆಗೆ ಇಬ್ಬರೂ ಹಂಚ್ಕೊಂಡಿದ್ದ ನಂಬರ್ 1 ಪಟ್ಟನ ಒಬ್ಬರೇ ಇಟ್ಕೊಂಡ್ರು, ಸಿನಿಮಾದಲ್ಲಿ ಬರೆದ್ರೆ ಜಾಸ್ತಿ ಆಯ್ತು ಅಂತೀವಿ. ಒಟ್ಟು 91 ವಾರ ನಂಬರ್ 1, 43 ಡಬಲ್ಸ್ ಟೈಟಲ್, ಆರು ಗ್ರ್ಯಾಂಡ್ ಸ್ಲ್ಯಾಮ್.

ಯಜಮಾನರ ಪಾಲಿಗೂ ಒಂದು ನ್ಯಾಯದ ಮಾತು ಹೇಳ್ಬೇಕು. ಡಬಲ್ಸ್ ಗೆ ಸಿಗೋ ದುಡ್ಡು, ಹೆಸರು ಎರಡೂ ಕಮ್ಮಿ, ಅದು ಸುಳ್ಳಲ್ಲ. ಅದೇ 2015ರ ವಿಂಬಲ್ಡನ್ ನಲ್ಲಿ ಸಿಂಗಲ್ಸ್ ಗೆದ್ದ ಸೆರೆನಾಗೆ 18 ಲಕ್ಷದ 80 ಸಾವಿರ ಪೌಂಡ್, ಡಬಲ್ಸ್ ಗೆದ್ದ ಜೋಡಿಗೆ 3 ಲಕ್ಷದ 40 ಸಾವಿರ, ಅದನ್ನ ಇಬ್ಬರು ಹಂಚ್ಕೋಬೇಕು. ಅಂದ್ರೆ ತಲಾ ಲೆಕ್ಕದಲ್ಲಿ ಹನ್ನೊಂದು ಪಟ್ಟು ವ್ಯತ್ಯಾಸ. ಟಾಪ್ ಸಿಂಗಲ್ಸ್ ಆಟಗಾರ್ತಿಯರು ಹೆಚ್ಚಿನವರು ಡಬಲ್ಸ್ ಆಡೋದೂ ಕಮ್ಮಿ, ಆದ್ರಿಂದ ಪೈಪೋಟಿ ಸಡಿಲ ಅನ್ನೋ ವಾದದಲ್ಲೂ ಸ್ವಲ್ಪ ಸತ್ಯ ಇದೆ. ಆದ್ರೆ ಸಡಿಲ ಅಂತ ಹೇಳಿ 41 ಮ್ಯಾಚ್ ಸಾಲಾಗಿ ಗೆಲ್ಲೋಕೆ ಆಗಲ್ಲ, ಆಗೋದಾಗಿದ್ರೆ ಎಲ್ಲರೂ ಗೆಲ್ತಿದ್ರು.

ಇನ್ನು ಕೋರ್ಟ್ ಹೊರಗಿನ ಗಲಾಟೆ. ಸ್ಕರ್ಟ್ ಉದ್ದದ ಬಗ್ಗೆ ಗಲಾಟೆ, ಮಸೀದಿ ಆವರಣದಲ್ಲಿ ಜಾಹೀರಾತು ಶೂಟಿಂಗ್ ಮಾಡಿದ್ರು ಅಂತ ಗಲಾಟೆ, 2008ರ ಹಾಪ್‌ಮನ್ ಕಪ್ ನಲ್ಲಿ ಬಾವುಟದ ಕಡೆ ಕಾಲು ಚಾಚಿ ಕೂತ್ರು ಅಂತ ಗಲಾಟೆ, ಕೋರ್ಟ್ ಕೇಸು. ಕೊನೆಗೆ ಸಾಕಾಗಿ ಆ ವರ್ಷ ಬೆಂಗಳೂರು ಓಪನ್ ಗೆ ಬರಲ್ಲ, ಭಾರತದಲ್ಲಿ ಆಡಿದಾಗೆಲ್ಲ ಏನಾದ್ರೂ ಒಂದು ರಂಪ ಆಗುತ್ತೆ ಅಂತ ಹೇಳ್ಬಿಟ್ರು. ವೀನಸ್, ಸೆರೆನಾ ಇಬ್ಬರೂ ನಮ್ಮೂರಿಗೆ ಬಂದು ಒಬ್ಬರ ಮೇಲೊಬ್ಬರು ಸೆಮಿಫೈನಲ್ ಆಡಿದ ವರ್ಷ ಅದು, ಸೆರೆನಾ ಕಪ್ ತಗೊಂಡ್ ಹೋದ್ರು, ನಮ್ಮ ಹುಡುಗಿ ಮಾತ್ರ ಡ್ರಾದಲ್ಲೇ ಇಲ್ಲ. ಆಗ ವಯಸ್ಸು 21. ನಂತರ 2012ರ ಲಂಡನ್ ಒಲಿಂಪಿಕ್ಸ್ ಗೆ ಮುಂಚೆ ಭೂಪತಿ, ಬೋಪಣ್ಣ ಇಬ್ಬರೂ ಪೇಸ್ ಜೊತೆ ಆಡಲ್ಲ ಅಂದಾಗ, ಪೇಸ್ ನ ಸಮಾಧಾನ ಮಾಡೋಕೆ ಸಾನಿಯಾನ ಅವರ ಜೊತೆ ಮಿಕ್ಸೆಡ್ ಗೆ ಜೋಡಿ ಮಾಡಿದ್ರು, ಅದಕ್ಕೆ ಸಾನಿಯಾ ಕೊಟ್ಟ ಹೇಳಿಕೆ ಬಹಳ ಖಾರವಾಗಿತ್ತು, ನನ್ನ ಕೇಳಿದ್ರೆ ಅವರು ಹೇಳಿದ್ದು ಪೂರ್ತಿ ಸರಿ. 2016ರ ರಿಯೋದಲ್ಲಿ ಕೊಡಗಿನ ರೋಹನ್ ಬೋಪಣ್ಣ ಜೊತೆ ಆಡಿ ನಾಲ್ಕನೇ ಸ್ಥಾನ, ಪದಕ ಕೈಗೆ ಸಿಕ್ಕಿದ ಹಾಗಾಗಿ ತಪ್ಪೋಯ್ತು, ಇಡೀ ಕರಿಯರ್ ನಲ್ಲಿ ಇದೊಂದೇ ಖಾಲಿ ಉಳಿದ ಜಾಗ.

ಹೆಣ್ಣುಮಗಳ ತಾಯಿ ನೀವು ಅಂತ ಇದನ್ನೂ ಹೇಳ್ತೀನಿ. 2018ರ ಅಕ್ಟೋಬರ್ ನಲ್ಲಿ ಮಗ ಹುಟ್ಟಿದ, 2020ರ ಜನವರಿಯಲ್ಲಿ ಹೋಬಾರ್ಟ್ ನಲ್ಲಿ ವಾಪಸ್ ಬಂದ್ರು, ಎರಡು ವರ್ಷಕ್ಕೂ ಹೆಚ್ಚು ಗ್ಯಾಪ್ ಆದ್ಮೇಲೆ ಆಡಿದ ಮೊದಲ ಟೂರ್ನಮೆಂಟೇ ಗೆದ್ರು, ನಾದಿಯಾ ಕಿಚೆನೊಕ್ ಜೊತೆ. ಕೊನೇ ಟೈಟಲ್ 2021ರಲ್ಲಿ ಒಸ್ಟ್ರಾವಾದಲ್ಲಿ, ಆಗ ವಯಸ್ಸು 34. 2023ರ ಜನವರಿಯಲ್ಲಿ ಮೆಲ್ಬರ್ನ್ ನಲ್ಲಿ ಮತ್ತೆ ಬೋಪಣ್ಣ ಜೊತೆ ಮಿಕ್ಸೆಡ್ ಫೈನಲ್ ವರೆಗೂ ಹೋಗಿ ಸೋತ್ರು, ಫೆಬ್ರವರಿಯಲ್ಲಿ ದುಬೈನಲ್ಲಿ ಮೊದಲ ರೌಂಡ್ ಸೋಲೊಂದಿಗೆ ಮುಗಿಸಿದ್ರು. ಸಿಂಗಲ್ಸ್ ನಲ್ಲೇ ಹಟ ಹಿಡಿದು ಕೂತಿದ್ರೆ ಆ ಮೊಣಕಾಲು, ಆ ಮಣಿಕಟ್ಟು 36 ವರ್ಷದವರೆಗೆ ಬರ್ತಿರ್ಲಿಲ್ಲ. ಬೋಪಣ್ಣನೂ ಅಷ್ಟೇ ನೋಡಿ, 2024ರಲ್ಲಿ 43ನೇ ವಯಸ್ಸಿಗೆ ನಂಬರ್ 1 ಆಗಿದ್ದು ಡಬಲ್ಸ್ ನಲ್ಲೇ. ಅಂದಹಾಗೆ ಸಾನಿಯಾ ಆಟ ಮುಗಿಸಿದ ಅದೇ 2023ರ ಫೆಬ್ರವರಿಯಲ್ಲಿ ಆರ್‌ಸಿಬಿ ಮಹಿಳಾ ತಂಡಕ್ಕೆ ಸಾನಿಯಾನ ಮೆಂಟರ್ ಮಾಡಿದಾಗ ಟೆನ್ನಿಸ್‌ನವರಿಗೆ ಕ್ರಿಕೆಟ್ ನಲ್ಲೇನು ಕೆಲಸ ಅಂತ ನಕ್ಕವರಿದ್ರು. ಇಪ್ಪತ್ತು ವರ್ಷ ಒಬ್ಬಂಟಿಯಾಗಿ ಪೇಪರ್, ಟಿವಿ, ಟ್ರೋಲ್ ಎಲ್ಲ ಎದುರಿಸಿದ ಹೆಂಗಸಿನ ಹತ್ರ 19 ವರ್ಷದ ಹುಡುಗಿಯರಿಗೆ ಹೇಳೋಕೆ ಏನೂ ಇರಲ್ವಾ?

ಈಗ ನಿಮ್ಮ ಸರದಿ. ಸಾನಿಯಾ ಥರ ಡಬಲ್ಸ್ ಕಡೆ ಹೋಗ್ಲಿ ಅಂತೀರಲ್ಲ, ಸಾನಿಯಾ ಬರೀ ಡಬಲ್ಸ್ ಗೆ ಹೋಗಿದ್ದು ಸಿಂಗಲ್ಸ್ ಪೂರ್ತಿ ಆಡಿ ಮುಗಿಸಿದ ಮೇಲೆ, 26ನೇ ವಯಸ್ಸಲ್ಲಿ. 13ರಲ್ಲಿ ಅಲ್ಲ. ಕುಜ್ನೆತ್ಸೋವಾ, ಸೆರೆನಾ ಸರ್ವ್ ನ ಎದುರಿಗೆ ನಿಂತು ವಾಪಸ್ ಕೊಟ್ಟು ಕೊಟ್ಟು ಆ ರಿಟರ್ನ್ ಹದಕ್ಕೆ ಬಂದಿದ್ದು, ಅದನ್ನೇ ಆಮೇಲೆ ಡಬಲ್ಸ್ ನಲ್ಲಿ ಖರ್ಚು ಮಾಡಿದ್ರು. ಇನ್ನೊಂದು ಪ್ರಾಕ್ಟಿಕಲ್ ವಿಷಯ ಯಾರೂ ಪೋಷಕರಿಗೆ ಹೇಳಲ್ಲ, ಟೂರ್ ನಲ್ಲಿ ಡಬಲ್ಸ್ ಡ್ರಾಗೆ ಎಂಟ್ರಿ ಸಿಗೋದು ಇಬ್ಬರ ರ‍್ಯಾಂಕಿಂಗ್ ಕೂಡಿಸಿ, ಅಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್ ನೂ ಬಳಸಬಹುದು. ಅಂದ್ರೆ ಬರೀ ಡಬಲ್ಸ್ ಆಡೋ ಹೊಸ ಹುಡುಗಿ ಬಾಗಿಲಲ್ಲಿ ಕಾಯ್ತಾ ನಿಂತಿರ್ತಾಳೆ, ಸಿಂಗಲ್ಸ್ ನಲ್ಲಿ ಸ್ವಲ್ಪ ರ‍್ಯಾಂಕ್ ಇರೋಳು ಒಳಗೆ ಹೋಗ್ತಾಳೆ. ಡ್ರಾನೂ ಚಿಕ್ಕದು, ಸಣ್ಣ ಡಬ್ಲ್ಯುಟಿಎ ಟೂರ್ನಮೆಂಟ್ ನಲ್ಲಿ ಸಿಂಗಲ್ಸ್ ಗೆ 32 ಜನ, ಡಬಲ್ಸ್ ಗೆ 16 ಜೋಡಿ ಅಷ್ಟೇ. ಅದಕ್ಕಿಂತ ಕೆಳಗೆ ಐಟಿಎಫ್ (ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟ) ನ ಡಬ್ಲ್ಯು15 ಅಂತ ಶುರುವಿನ ಹಂತ ಇದೆಯಲ್ಲ, ಅಲ್ಲಿ ಇಡೀ ಟೂರ್ನಮೆಂಟ್ ಬಹುಮಾನನೇ 15 ಸಾವಿರ ಡಾಲರ್, ಸಿಂಗಲ್ಸ್ ಡಬಲ್ಸ್ ಎಲ್ಲ ಸೇರಿ. ಡಬಲ್ಸ್ ಪಾಲಿಂದ ಫ್ಲೈಟ್ ಟಿಕೆಟ್ ಇರ್ಲಿ ಹೋಟೆಲ್ ಬಿಲ್ಲೂ ಹುಟ್ಟಲ್ಲ. ಒಳ್ಳೇ ಪಾರ್ಟ್‌ನರ್ ಸಿಗೋದೂ ರ‍್ಯಾಂಕ್ ಇದ್ರೇನೇ, ಹಿಂಗಿಸ್ ಯಾರನ್ನೋ ಬೀದಿಯಿಂದ ಕರ್ಕೊಂಡು ಬರ್ಲಿಲ್ಲ.

ಮಗಳು ಡಬಲ್ಸ್ ಚೆನ್ನಾಗಿ ಆಡ್ತಾಳೆ ಅಂದ್ರೆ ಕೈ ಚುರುಕಿದೆ, ನೆಟ್ ಹತ್ರ ಹೆದರಲ್ಲ ಅಂತ ಅರ್ಥ, ಅದು ದೊಡ್ಡ ಆಸ್ತಿ, ಬಿಡಿಸಬೇಡಿ. ಆದ್ರೆ ಸಿಂಗಲ್ಸ್ ನಲ್ಲಿ ಬೇಗ ಸೋಲ್ತಾಳೆ ಅನ್ನೋದಕ್ಕೆ ಕಾರಣ ಹುಡುಕಿ. ಆ ವಯಸ್ಸಲ್ಲಿ ನಾನು ನೋಡೋದು ಸಾಮಾನ್ಯವಾಗಿ ಎರಡು, ಒಂದೋ ಸೆಕೆಂಡ್ ಸರ್ವ್ ತಳ್ಳಿಬಿಡ್ತಾರೆ, ಇಲ್ಲಾ ರ‍್ಯಾಲಿ ಆರೇಳು ಹೊಡೆತ ದಾಟಿದ್ರೆ ಕಾಲು ನಿಲ್ಲುತ್ತೆ, ಪಕ್ಕದಲ್ಲಿ ಪಾರ್ಟ್‌ನರ್ ಇದ್ದಾಗ ಈ ಎರಡೂ ಕಾಣಲ್ಲ ಅಷ್ಟೇ. ಎರಡೂ ಈ ವಯಸ್ಸಲ್ಲಿ ಸರಿ ಮಾಡಬಹುದಾದ್ದು, 22ಕ್ಕೆ ಕಷ್ಟ. 14 ತುಂಬೋವರೆಗೆ ಪ್ರೊಫೆಷನಲ್ ಟೂರ್ನಮೆಂಟ್ ಆಡೋಕೇ ಬಿಡಲ್ಲ, ತುಂಬಿದ ಮೇಲೂ ವರ್ಷಕ್ಕೆ ಇಂತಿಷ್ಟೇ ಅಂತ ಮಿತಿ ಇದೆ, ಆದ್ರಿಂದ ನಿಮಗೆ ಅವಸರ ಮಾಡೋಕೆ ಕಾರಣನೂ ಇಲ್ಲ.

ಈ ಸೀಸನ್ ಪೂರ್ತಿ ಎರಡೂ ಡ್ರಾಗೆ ಹೆಸರು ಕೊಡಿ. ಸಿಂಗಲ್ಸ್ ಸೋತ ಮ್ಯಾಚ್ ಗಳಲ್ಲಿ ಸೆಕೆಂಡ್ ಸರ್ವ್ ಮೇಲೆ ಎಷ್ಟು ಪಾಯಿಂಟ್ ಹೋಯ್ತು, ಉದ್ದ ರ‍್ಯಾಲಿಯಲ್ಲಿ ಎಷ್ಟು ಹೋಯ್ತು ಅಂತ ಒಂದು ನೋಟ್‌ಬುಕ್ ನಲ್ಲಿ ಗೀಟು ಹಾಕ್ತಾ ಬನ್ನಿ, ಆ ಕೆಲಸನ ಯಜಮಾನರಿಗೇ ವಹಿಸಿ. ನಾಲ್ಕೈದು ಟೂರ್ನಮೆಂಟ್ ಆದ್ಮೇಲೆ ಆ ಪುಟಗಳನ್ನ ಅವಳ ಕೋಚ್ ಗೆ ತೋರ್ಸಿ, ನನಗೂ ಒಂದು ಫೋಟೋ ಕಳಿಸಿ, ಸರ್ವ್ ಇಂದ ಶುರು ಮಾಡ್ಬೇಕಾ ಕಾಲಿಂದ ಶುರು ಮಾಡ್ಬೇಕಾ ಅಂತ ಅದನ್ನ ನೋಡಿ ಹೇಳ್ತೀನಿ.